ನಾಮಫಲಕ ಓದಿ ಕೊಂಡ ಆಂಟೆನಾ

ಸ್ಕ್ಯಾನರಿನ, ಅಂದರೆ ಆವೃತ್ತಿಗಳನ್ನು ಒಂದಾದ ಮೇಲೊಂದು ತಡಕುವ ರೇಡಿಯೋದ, ತಲೆಯ ಮೇಲಿದ್ದ ರಬ್ಬರ್ ಕಡ್ಡಿಯಂಥ ಆಂಟೆನಾವೊಂದನ್ನೇ ನಂಬಿಕೊಂಡು ಸುಮಾರು ಒಂದು ವರ್ಷ ಮಿಲಿಟರಿ ವಿಮಾನಗಳ ರೇಡಿಯೋ ಕೇಳಿದವನು ನಾನು. ಅಷ್ಟು ದಿನವೂ ನನಗೆ ಸಿಕ್ಕಿದ್ದು ಅರ್ಧ ಮಾತು. ಪೈಲಟ್ ಉತ್ತರಿಸುವುದು ಕೇಳುತ್ತಿತ್ತು. ಅವನನ್ನು ಯಾರು ಏನೆಂದು ಕೇಳಿದರು ಎಂಬುದು ಕೇಳುತ್ತಿರಲಿಲ್ಲ. ಆಕಾಶದಲ್ಲಿರುವವನಿಗೂ ನನ್ನ ಕಿಟಕಿಗೂ ನಡುವೆ ಅಡ್ಡಿಯಿಲ್ಲ, ನೆಲದ ಮೇಲಿರುವವನಿಗೂ ನನಗೂ ನಡುವೆ ಊರಿಗೆ ಊರೇ ನಿಂತಿದೆ ಎಂಬ ಸರಳ ಸಂಗತಿ ತಡವಾಗಿ ಹೊಳೆಯಿತು. ಹೊರಗೆ, ಎತ್ತರದಲ್ಲಿ ಒಂದು ಆಂಟೆನಾ ಬೇಕು ಎಂದಾಯಿತು. ಹೊಸದನ್ನು ಕೊಳ್ಳಬಹುದಿತ್ತು. ಆದರೆ ಸೇನೆಯವರೇ ಬಳಸಿ, ಬೇಡವೆಂದು ಹೊರಗೆ ಹಾಕಿದ ಸರ್‌ಪ್ಲಸ್ ಆಂಟೆನಾಗಳು ಸಿಗುತ್ತವೆ ಎಂದು ತಿಳಿದ ಮೇಲೆ ಮನಸ್ಸು ಅತ್ತ ವಾಲಿತು. ಅದೇ ಕೆಲಸಕ್ಕೆಂದು ಹುಟ್ಟಿದ ವಸ್ತುವಿಗಿಂತ ಒಳ್ಳೆಯದು ಇನ್ನಾವುದಿದ್ದೀತು ಎಂಬುದು ನನ್ನ ತರ್ಕ. ತರ್ಕ ತಪ್ಪಲ್ಲ, 'ಅದೇ ಕೆಲಸ' ಎಂದರೆ ಯಾವ ಕೆಲಸ ಎಂದು ಕೇಳಿಕೊಳ್ಳದೆ ಹೊರಟಿದ್ದು ತಪ್ಪು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂವಹನವನ್ನು ಕೇಳುವ ವಿಷಯದಲ್ಲಿ ಎಲ್ಲ ದೇಶಗಳ ಕಾನೂನೂ ಒಂದೇ ಅಲ್ಲ. ಬ್ರಿಟನ್ನಿನಲ್ಲಿ 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ 48ನೇ ಸೆಕ್ಷನ್, ತನಗೆಂದು ಕಳಿಸದ ಸಂದೇಶವನ್ನು ಅನುಮತಿಯಿಲ್ಲದೆ ಕೇಳುವುದನ್ನೇ ಅಪರಾಧವೆನ್ನುತ್ತದೆ; ಅಮೆರಿಕದ 1986ರ ಕಾಯ್ದೆ ವಿಮಾನ ಸಂವಹನವನ್ನು ಕೇಳುವವರಿಗೆ ವಿನಾಯಿತಿ ಕೊಟ್ಟಿದೆ. ಆಂಟೆನಾ ಹುಡುಕುವ ಮೊದಲು ತಾನಿರುವ ಕಡೆಯ ನಿಯಮವನ್ನು ಓದಿಕೊಳ್ಳುವುದು ಒಳ್ಳೆಯದು. ನಾನು ಓದಿಕೊಂಡೇ ಮುಂದುವರಿದೆ.

ಅಮೆರಿಕ ಮತ್ತು ನ್ಯಾಟೊ ದೇಶಗಳ ಮಿಲಿಟರಿ ವಿಮಾನಗಳು ಹೆಚ್ಚಾಗಿ 225ರಿಂದ 400 ಮೆಗಾಹರ್ಟ್ಸ್ ನಡುವೆ ಮಾತನಾಡುತ್ತವೆ. ನಾಗರಿಕ ವಿಮಾನಗಳ ಆವೃತ್ತಿಪಟ್ಟಿ ಇದಕ್ಕಿಂತ ಕೆಳಗೆ, 118ರಿಂದ 137ರವರೆಗೆ. ಎರಡರಲ್ಲೂ ನಡೆಯುವುದು ಎಎಂ, ಅಂದರೆ ಅಲೆಯ ಎತ್ತರವನ್ನು ಏರಿಳಿಸಿ ದನಿ ಕಳಿಸುವ ಬಗೆ; ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಒಬ್ಬನ ದನಿ ಇನ್ನೊಬ್ಬನದನ್ನು ಪೂರ್ತಿ ನುಂಗುವುದಿಲ್ಲ, ಸಿಳ್ಳೆಯೊಂದು ಹುಟ್ಟಿ ಇಬ್ಬರೂ ಇದ್ದಾರೆಂದು ತಿಳಿಸುತ್ತದೆ. ನಾಗರಿಕರ ತುರ್ತು ಆವೃತ್ತಿ 121.5 ಆದರೆ ಮಿಲಿಟರಿಯದು ಸರಿಯಾಗಿ ಅದರ ಎರಡರಷ್ಟು, 243.0. ಆಂಟೆನಾ ಕೊಳ್ಳುವವನಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ತರಂಗದೂರ, ಅಂದರೆ ಒಂದು ಅಲೆಯ ಉದ್ದ: 225ರಲ್ಲಿ ಅದು 133 ಸೆಂಟಿಮೀಟರ್, 400ರಲ್ಲಿ 75. ಸರಳ ಆಂಟೆನಾದ ಕಡ್ಡಿ ಸಾಮಾನ್ಯವಾಗಿ ಅದರ ಕಾಲುಭಾಗದಷ್ಟು, ಎಂದರೆ 33ರಿಂದ 19 ಸೆಂಟಿಮೀಟರ್. ಅಂದರೆ ನನಗೆ ಬೇಕಾದ ಆಂಟೆನಾದ ಮುಖ್ಯ ಅಂಗ ಒಂದು ಮೊಳಕ್ಕಿಂತ ಗಿಡ್ಡವೇ ಇರಬೇಕು. ಈ ಒಂದೇ ಲೆಕ್ಕವನ್ನು ಮೊದಲ ದಿನವೇ ಮಾಡಿದ್ದರೆ, ಆಳೆತ್ತರದ ಚಾವಟಿಯಂಥ ಆಂಟೆನಾಗಳ ಮುಂದೆ ಬಾಯಿ ತೆರೆದು ನಿಂತು ಎರಡು ವಾರ ಕಳೆಯುತ್ತಿರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಜೀಪು, ಟ್ಯಾಂಕುಗಳಲ್ಲಿ ಕೂರುವ 30ರಿಂದ 88 ಮೆಗಾಹರ್ಟ್ಸಿನವು; ನೋಡಲು ಗಂಭೀರ, ನನ್ನ ಕೆಲಸಕ್ಕೆ ನಿರುಪಯೋಗಿ.

ಇನ್ನೊಂದು ಲೆಕ್ಕ ನನ್ನ ಆಸೆಗೆ ತಣ್ಣೀರೆರಚಿತು, ಹಾಗೆಯೇ ಖರ್ಚನ್ನೂ ಉಳಿಸಿತು. ಯುದ್ಧವಿಮಾನಗಳಲ್ಲಿ ಬಹುಕಾಲ ಬಳಕೆಯಲ್ಲಿರುವ ಎಎನ್/ಎಆರ್‌ಸಿ-164 ಎಂಬ ರೇಡಿಯೋ 10 ವ್ಯಾಟ್ ಪ್ರಸಾರ ಮಾಡುತ್ತದೆ. 300 ಮೆಗಾಹರ್ಟ್ಸಿನಲ್ಲಿ, ನಡುವೆ ಏನೂ ಅಡ್ಡವಿಲ್ಲದ 100 ಕಿಲೋಮೀಟರ್ ದಾಟುವಾಗ ಅದು ಕಳೆದುಕೊಳ್ಳುವುದು ಸುಮಾರು 122 ಡೆಸಿಬಲ್ (ಶಕ್ತಿಯ ಏರಿಳಿತದ ಅಳತೆ; ಪ್ರತಿ 10 ಡೆಸಿಬಲ್ ಎಂದರೆ ಹತ್ತು ಪಟ್ಟು). ಇಷ್ಟು ಕಳೆದುಕೊಂಡ ಮೇಲೂ ಸಾಧಾರಣ ಆಂಟೆನಾ ಒಂದರ ತುದಿಯಲ್ಲಿ ಉಳಿಯುವ ಸಂಕೇತ, ಸಾಮಾನ್ಯ ಸ್ಕ್ಯಾನರಿಗೆ ಬೇಕಾಗುವ ಒಂದು ಮೈಕ್ರೋವೋಲ್ಟಿನ ಮಟ್ಟಕ್ಕಿಂತ 25 ಡೆಸಿಬಲ್ ಮೇಲಿರುತ್ತದೆ. ಎಂದರೆ ಮುನ್ನೂರಕ್ಕೂ ಹೆಚ್ಚು ಪಟ್ಟು ಶಕ್ತಿ. ಹಾಗಿದ್ದರೆ ಕೇಳುಗನಿಗೆ ಆಂಟೆನಾದ ಗೇನ್, ಅಂದರೆ ಕೆಲವು ದಿಕ್ಕಿನ ಸಂಕೇತವನ್ನು ಹೆಚ್ಚಿಸಿ ಹಿಡಿಯುವ ಗುಣ, ಅಷ್ಟೇನೂ ಬೇಕಿಲ್ಲ. ಬೇಕಾಗಿರುವುದು ಎಲ್ಲ ದಿಕ್ಕಿಗೂ ಕಿವಿಯಿರುವ, ಲಂಬ ಧ್ರುವೀಕರಣದ (ನೆಟ್ಟಗೆ ಮೇಲೆ ಕೆಳಗೆ ಅಲುಗುವ ಅಲೆಗಳನ್ನು ಹಿಡಿಯುವ), ಎತ್ತರದಲ್ಲಿ ನಿಲ್ಲಿಸಬಹುದಾದ, ಪಟ್ಟಿಯುದ್ದಕ್ಕೂ ಒಂದೇ ತೆರನಾಗಿ ವರ್ತಿಸುವ ವಸ್ತು. ಹೆಚ್ಚು ಗೇನ್ ಉಳ್ಳ ಆಂಟೆನಾ ತನ್ನ ಶಕ್ತಿಯನ್ನು ದಿಗಂತದತ್ತ ಚಪ್ಪಟೆಯಾಗಿ ಒತ್ತಿ ಪಡೆಯುತ್ತದೆ. 10 ಕಿಲೋಮೀಟರ್ ಎತ್ತರದಲ್ಲಿ, 30 ಕಿಲೋಮೀಟರ್ ದೂರದಲ್ಲಿ ಹಾರುವ ವಿಮಾನ ದಿಗಂತದಿಂದ ಸುಮಾರು 18 ಡಿಗ್ರಿ ಮೇಲಿರುತ್ತದೆ. ಅದು ಆ ಚಪ್ಪಟೆ ಕಿರಣದಿಂದ ಹೊರಗೇ ಉಳಿದುಬಿಡಬಹುದು.

ಈ ತಿಳಿವಳಿಕೆ ಬರುವ ಮೊದಲೇ ನಾನು ಒಂದನ್ನು ಕೊಂಡಾಗಿತ್ತು. ಅದು ವಿಮಾನದ ಹೊಟ್ಟೆಯ ಕೆಳಗೆ ಕೂರುವ ಬ್ಲೇಡ್ ಆಂಟೆನಾ, ಎಟಿ-256/ಎಆರ್‌ಸಿ ಬಗೆಯದು: ಮೀನಿನ ಈಜುರೆಕ್ಕೆಯಂತೆ ಹಿಂದಕ್ಕೆ ಬಾಗಿದ, ಅಂಗೈಗೆ ನುಣುಪಾಗಿ ಹತ್ತುವ, ನೋಡಿದರೆ ಮೇಜಿನ ಮೇಲಿಟ್ಟುಕೊಳ್ಳೋಣ ಎನಿಸುವ ವಸ್ತು. 225ರಿಂದ 400 ಎಂಬ ಅಂಕಿ ಕಂಡ ಕೂಡಲೇ ಹಣ ಕೊಟ್ಟೆ. ತಂದು, ಒಂದು ಮರದ ಕೋಲಿಗೆ ಕಟ್ಟಿ, ಮಹಡಿಯ ಮೇಲೆ ನಿಲ್ಲಿಸಿದರೆ ರಬ್ಬರ್ ಕಡ್ಡಿಗಿಂತ ಹೆಚ್ಚೇನೂ ಕೇಳಲಿಲ್ಲ. ಕಾರಣ ಅದರ ಬುಡದಲ್ಲೇ ಇತ್ತು. ಆ ಬ್ಲೇಡ್ ಪೂರ್ತಿ ಆಂಟೆನಾ ಅಲ್ಲ, ಅರ್ಧ; ಉಳಿದ ಅರ್ಧ ವಿಮಾನದ ಲೋಹದ ಮೈ. ಆ ಮೈಯನ್ನು ಬಿಟ್ಟು ರೆಕ್ಕೆಯನ್ನಷ್ಟೇ ತಂದವನಿಗೆ ಅದು ದುಡಿಯುವುದಾದರೂ ಹೇಗೆ? ಮುಂದೆ ಅದನ್ನು ಒಂದು ಮೀಟರ್ ಅಗಲದ ತಗಡಿನ ನಡುವೆ ಕೂರಿಸಿದ ಮೇಲೆ ಸರಿಯಾಯಿತು ಎಂಬುದನ್ನೂ ಹೇಳಬೇಕು, ಆದರೆ ಗಾಳಿಗೆ ಪಟದಂತೆ ಹಾರಲು ಹವಣಿಸುವ ಆ ತಗಡನ್ನು ಕಂಬದ ತುದಿಗೆ ಏರಿಸುವ ಧೈರ್ಯ ನನಗೆ ಬರಲಿಲ್ಲ.

ಎರಡನೆಯ ಸುತ್ತಿನಲ್ಲಿ ನಾನು ಆಂಟೆನಾಗಳನ್ನು ನೋಡುವುದಕ್ಕಿಂತ ಅವುಗಳ ನಾಮಫಲಕದ ಮೇಲಿನ ಹೆಸರನ್ನು ಓದಲು ಕಲಿತೆ. ಅಮೆರಿಕದ ಸೇನೆಗಳು 1943ರಿಂದ ಬಳಸುತ್ತ ಬಂದಿರುವ ನಾಮಕರಣ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಅರ್ಥವಿದೆ. ಎಟಿ ಎಂದರೆ ಸರಳ ಆಂಟೆನಾ, ಎಎಸ್ ಎಂದರೆ ಹಲವು ಭಾಗಗಳುಳ್ಳ ಆಂಟೆನಾ. ಓರೆಗೆರೆಯ ನಂತರದ ಮೊದಲ ಅಕ್ಷರ ಅದು ಎಲ್ಲಿ ಕೂರುತ್ತಿತ್ತೆಂದು ಹೇಳುತ್ತದೆ: ಎ ವಿಮಾನ, ಎಸ್ ಹಡಗು, ವಿ ವಾಹನ, ಪಿ ಮನುಷ್ಯನ ಬೆನ್ನು, ಜಿ ನೆಲ. ಎರಡನೆಯದಾಗಿ ಬರುವ ಆರ್ ಎಂದರೆ ರೇಡಿಯೋ. ಮೂರನೆಯದಾಗಿ ಬರುವ ಸಿ ಎಂದರೆ ಸಂವಹನ. ಹೀಗೆ ಓದಿದ್ದರೆ ನನ್ನ ಬ್ಲೇಡಿನ ಮೈಮೇಲಿದ್ದ ಎಆರ್‌ಸಿ ಎಂಬ ಮೂರಕ್ಷರ 'ನನಗೆ ವಿಮಾನ ಬೇಕು' ಎಂದು ಮೊದಲೇ ಹೇಳುತ್ತಿತ್ತು. ಇದರ ಜೊತೆಗೆ ದಾಸ್ತಾನು ಸಂಖ್ಯೆಯೊಂದು ಇರುತ್ತದೆ. ಅದರ ಮೊದಲ ನಾಲ್ಕು ಅಂಕಿ 5985 ಆಗಿದ್ದರೆ ವಸ್ತು ಆಂಟೆನಾ ವರ್ಗಕ್ಕೆ ಸೇರಿದ್ದು. 1974ರಲ್ಲಿ ಈ ಸಂಖ್ಯೆಯನ್ನು 11 ಅಂಕಿಯಿಂದ 13ಕ್ಕೆ ಹಿಗ್ಗಿಸಿದರು. ಆದ್ದರಿಂದ ಅಂಕಿಗಳನ್ನು ಎಣಿಸಿದರೇ ಫಲಕ ಯಾವ ಕಾಲದ್ದೆಂದು ಅಂದಾಜು ಸಿಗುತ್ತದೆ. ಹೊಸ ಸಂಖ್ಯೆಯಲ್ಲಿ ನಾಲ್ಕರ ನಂತರದ ಎರಡು ಅಂಕಿ ದೇಶವನ್ನು ಸೂಚಿಸುತ್ತವೆ: 00 ಮತ್ತು 01 ಅಮೆರಿಕ, 12 ಜರ್ಮನಿ, 99 ಬ್ರಿಟನ್. ಮಾರುವವರು ಹೇಳುವ ಕಥೆಗಿಂತ ಈ ಅಂಗೈ ಅಗಲದ ತಗಡಿನ ಚೂರು ನಂಬಿಕಸ್ಥ ಎಂಬುದು ನನ್ನ ಅನುಭವ.

ಈ ಜ್ಞಾನ ಹಿಡಿದು ನೋಡಿದಾಗ ನನ್ನ ಆಯ್ಕೆ ತಾನಾಗಿ ಕಿರಿದಾಯಿತು. ಹಡಗಿನಿಂದ ಇಳಿದ ಎಎಸ್-390/ಎಸ್‌ಆರ್‌ಸಿ ಮತ್ತು ಎಟಿ-150/ಎಸ್‌ಆರ್‌ಸಿ ಎರಡೂ ನನಗೆ ಬೇಕಾದ ಆವೃತ್ತಿಪಟ್ಟಿಗೇ ಮಾಡಿದವು, ಉಪ್ಪುಗಾಳಿಯನ್ನು ತಡೆಯುವಂತೆ ಕಟ್ಟಿದವು. ಸಿಕ್ಕರೆ ಬಿಡಬಾರದು, ಆದರೆ ನನಗೆ ಸಿಕ್ಕವು ಬಾಗಿಹೋಗಿದ್ದವು. ಉಪಗ್ರಹ ಸಂವಹನದ ಆಂಟೆನಾವೊಂದು ಬಹಳ ಆಕರ್ಷಕವಾಗಿ ಕಂಡಿತು. ಮಿಲಿಟರಿ ಉಪಗ್ರಹಗಳಿಂದ ನೆಲಕ್ಕೆ ಬರುವ ಸಂಕೇತಗಳ ಇಳಿದಾರಿ 240ರಿಂದ 270 ಮೆಗಾಹರ್ಟ್ಸ್, ಅಂದರೆ ನನ್ನ ಪಟ್ಟಿಯ ಒಳಗೇ ಇದೆ. ಆದರೆ ಅದು ಆಕಾಶದ ಒಂದೇ ಬಿಂದುವನ್ನು ದಿಟ್ಟಿಸುವಂಥದ್ದು, ಧ್ರುವೀಕರಣವೂ ವೃತ್ತಾಕಾರದ್ದು. ಎಲ್ಲ ದಿಕ್ಕಿನಿಂದ ಬಂದು ಹೋಗುವ ವಿಮಾನಗಳಿಗೆ ಅದನ್ನು ಹಿಡಿದು ಕೂರುವುದೆಂದರೆ ಕೊಳವೆಯೊಂದರ ಮೂಲಕ ಜಾತ್ರೆ ನೋಡಿದಂತೆ. ಉಳಿದದ್ದು ಡಿಸ್ಕೋನ್: ಮೇಲೊಂದು ತಟ್ಟೆ, ಕೆಳಗೊಂದು ಶಂಕು, ನಡುವೆ ಬೆರಳ ದಪ್ಪದ ಇನ್ಸುಲೇಟರ್. ಆರ್ಮಿಗ್ ಕಂಡೋಯಿಯನ್ ಎಂಬ ಎಂಜಿನಿಯರಿಗೆ 1945ರಲ್ಲಿ ಪೇಟೆಂಟ್ ತಂದುಕೊಟ್ಟ ವಿನ್ಯಾಸವಿದು. ಇದರ ಅಗಲ ಹರಹಿಗೆ ಹೋಲಿಸಿದರೆ 225ರಿಂದ 400 ಎಂಬುದು ಎರಡು ಪಟ್ಟೂ ಅಲ್ಲದ ಚಿಕ್ಕ ಪಟ್ಟಿ; ಆದ್ದರಿಂದ ಅದರುದ್ದಕ್ಕೂ ಡಿಸ್ಕೋನ್ ಶಿಸ್ತಾಗಿ ವರ್ತಿಸುತ್ತದೆ. ಅಂಗಡಿಗಳಲ್ಲಿ ಸಿಗುವ, 25ರಿಂದ 1300 ಮೆಗಾಹರ್ಟ್ಸಿನವರೆಗೆ ಎಲ್ಲವನ್ನೂ ಹಿಡಿಯುತ್ತೇನೆನ್ನುವ ದೊಡ್ಡ ಡಿಸ್ಕೋನಿಗಿಂತ ಈ ಪಟ್ಟಿಗಷ್ಟೇ ಅಳೆದು ಮಾಡಿದ ಚಿಕ್ಕದು ನನಗೆ ಮೇಲೆನಿಸಿತು. ಬೇಡವಾದ ಕೆಳಗಿನ ಆವೃತ್ತಿಯ ಪ್ರಸಾರಗಳನ್ನು ಅದು ಅಷ್ಟು ಉತ್ಸಾಹದಿಂದ ಬರಮಾಡಿಕೊಳ್ಳುವುದಿಲ್ಲ.

ಅಂಥದ್ದೊಂದು ಹಳೆ ಸಾಮಾನಿನ ರಾಶಿಯಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಮಾರುವವನು ಅದನ್ನು ದೀಪದ ಮುಚ್ಚಳವೆಂದು ತಿಳಿದಿದ್ದನೋ ಏನೋ, ಕೇಳಿದ್ದಕ್ಕೆ 'ಇದು ಏನನ್ನು ಬೇಕಾದರೂ ಹಿಡಿಯುತ್ತದೆ' ಎಂದ. ನಾಮಫಲಕದ ಮೇಲೆ ಯಾರೋ ಒಂದರ ಮೇಲೊಂದು ಎರಡು ಬಾರಿ ಹಸಿರು ಬಣ್ಣ ಬಳಿದಿದ್ದರು. ಒಪ್ಪಿಗೆ ಪಡೆದು, ಬಟ್ಟೆಯ ತುದಿಗೆ ಥಿನ್ನರ್ ಸೋಕಿಸಿ ತಿಕ್ಕುತ್ತ ಕೂತೆ. ಚಾಕು ಬಳಸಬಾರದು, ಕೆತ್ತಿದ ಅಕ್ಷರಗಳ ತಳದಲ್ಲಿ ಉಳಿಯುವ ಬಣ್ಣವೇ ಅಕ್ಷರವನ್ನು ತೋರಿಸುವುದು. ಮೊದಲು 5985 ಎದ್ದಿತು. ಆಮೇಲೆ 'ಎಟಿ-1', ನಡುವೆ ತಿಂದುಹೋದ ಜಾಗ, ಕೊನೆಗೆ ಓರೆಗೆರೆ ಮತ್ತು 'ಜಿಆರ್'. ಸಂಖ್ಯೆಯಲ್ಲಿ ಅಂಕಿಗಳು ಹನ್ನೊಂದೇ. ಅಂದರೆ ಇದು ಸರಳ ಆಂಟೆನಾ, ನೆಲದ ರೇಡಿಯೋಗೆ ಸೇರಿದ್ದು, 1974ಕ್ಕಿಂತ ಹಳೆಯದು. 225–400ರ ನೆಲದ ಕೇಂದ್ರಗಳಲ್ಲಿ ಬಳಸುತ್ತಿದ್ದ ಡಿಸ್ಕೋನಿನ ಹೆಸರು ಎಟಿ-197/ಜಿಆರ್. ಆಕಾರ, ಅಳತೆ, ಉಳಿದ ಅಕ್ಷರಗಳು ಮೂರೂ ಅದಕ್ಕೆ ಒಪ್ಪುತ್ತಿದ್ದವು. ನಿಯಂತ್ರಣ ಗೋಪುರದವರು ವಿಮಾನಗಳ ಜೊತೆ ಮಾತನಾಡಲು ಬಳಸಿದ ವಸ್ತು. ನನಗೆ ಬೇಕಾದ 'ಅದೇ ಕೆಲಸ' ಅದಾಗಿತ್ತು.

ಆದರೂ ಹೆಸರು ಒಪ್ಪಿದ ಮಾತ್ರಕ್ಕೆ ವಸ್ತು ಗಟ್ಟಿಯೆಂದು ಅರ್ಥವಲ್ಲ. ತಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿದೆ, ಅಲುಗಾಡಲಿಲ್ಲ. ಶಂಕುವಿನ ಒಂದು ಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗಿತ್ತು, ಅದರಿಂದ ಆಗುವ ವ್ಯತ್ಯಾಸ ನಗಣ್ಯ. ಆಮೇಲೆ ಕೇಬಲ್ ಸಿಕ್ಕಿಸುವ ಕನೆಕ್ಟರ್ ನೋಡಿದೆ. ಸರ್‌ಪ್ಲಸ್ ಸಾಮಾನಿನಲ್ಲಿ ಜನ ಎಡವುವುದು ಇಲ್ಲಿಯೇ. ಎನ್ ಎಂಬ ಬಗೆಯ ಕನೆಕ್ಟರ್ ಈಗಲೂ ಎಲ್ಲೆಡೆ ಸಿಗುತ್ತದೆ. ಅದೇ ಗಾತ್ರದ, ಆದರೆ ತಿರುಪಿನ ಬದಲು ಕೊಕ್ಕೆಯಿಂದ ಕೂರುವ ಸಿ ಕನೆಕ್ಟರ್, ಎನ್‌ಗಿಂತ ತುಸು ದಪ್ಪಗಿರುವ ಎಚ್‌ಎನ್ ಇವುಗಳ ಜೋಡಿ ಹುಡುಕಲು ಹೊರಟರೆ ಆಂಟೆನಾಕ್ಕಿಂತ ಅದೇ ದುಬಾರಿಯಾದೀತು. ನನ್ನದರಲ್ಲಿದ್ದದ್ದು ಎನ್. ಮುಚ್ಚಳವಿಲ್ಲದೆ ಬಿದ್ದಿದ್ದರಿಂದ ಒಳಗೆ ಹಸಿರು ಕಿಲುಬು ಕಟ್ಟಿತ್ತು. ಮಲ್ಟಿಮೀಟರಿನ ಒಂದು ಮೊನೆಯನ್ನು ನಡುವಿನ ಪಿನ್ನಿಗೂ ಇನ್ನೊಂದನ್ನು ಹೊರ ಮೈಗೂ ಇಟ್ಟೆ. ಡಿಸ್ಕೋನಿನಲ್ಲಿ ತಟ್ಟೆಗೂ ಶಂಕುವಿಗೂ ಸಂಪರ್ಕವಿಲ್ಲ, ಆದ್ದರಿಂದ ಏನೂ ತೋರಿಸಬಾರದು. ಅದು 40 ಕಿಲೋಓಮ್ ತೋರಿಸಿತು. ತುದಿಯಿಂದ ತುದಿಗೆ ಒಂದೇ ತಂತಿಯಿರುವ ಮಡಿಚಿದ ಡೈಪೋಲ್ ಆಂಟೆನಾ ಆಗಿದ್ದರೆ ಸೊನ್ನೆ ತೋರಿಸುವುದೇ ಸರಿ. ಸುಮಾರು 50 ಓಮ್ ತೋರಿಸಿದರೆ ಒಳಗೆ ರೆಸಿಸ್ಟರ್ ಅಡಗಿದೆಯೆಂದು ಅನುಮಾನಿಸಬೇಕು. 40 ಕಿಲೋಓಮ್ ಎಂದರೆ ಅವುಗಳಲ್ಲಿ ಯಾವುದೂ ಅಲ್ಲ, ತೇವ ಮತ್ತು ಕೊಳೆ. ಅದನ್ನು ತೋರಿಸಿಯೇ ಬೆಲೆ ಇಳಿಸಿಕೊಂಡೆ, ಸಂಕೋಚವೇನೂ ಪಡಲಿಲ್ಲ. ಮನೆಗೆ ತಂದು ಹಲ್ಲುಜ್ಜುವ ಬ್ರಷ್ಷು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಕಿಲುಬು ತೆಗೆದು, ಎರಡು ದಿನ ಬಿಸಿಲಲ್ಲಿಟ್ಟ ಮೇಲೆ ಮೀಟರಿನ ಅಂಕಿ ಮಾಯವಾಯಿತು.

ಕೇಬಲಿನ ವಿಷಯಕ್ಕೆ ನಾನು ಆಂಟೆನಾಕ್ಕೆ ಕೊಟ್ಟಷ್ಟೇ ಸಮಯ ಕೊಟ್ಟೆ, ಕೊಟ್ಟದ್ದು ಒಳ್ಳೆಯದಾಯಿತು. ಕಂಬದ ತುದಿಯಿಂದ ಮೇಜಿನವರೆಗೆ 15 ಮೀಟರ್. ಮನೆಯಲ್ಲಿದ್ದ ತೆಳ್ಳನೆಯ ಆರ್‌ಜಿ-58 ಎಳೆದಿದ್ದರೆ 400 ಮೆಗಾಹರ್ಟ್ಸ್ ಹತ್ತಿರ ಸುಮಾರು 5 ಡೆಸಿಬಲ್, ಎಂದರೆ ಬಂದ ಶಕ್ತಿಯ ಮೂರರಲ್ಲಿ ಎರಡು ಪಾಲು, ದಾರಿಯಲ್ಲೇ ಆವಿಯಾಗುತ್ತಿತ್ತು. ಎಲ್‌ಎಂಆರ್-400 ಹಾಕಿದರೆ ಒಂದು ಡೆಸಿಬಲ್‌ಗಿಂತ ತುಸು ಹೆಚ್ಚು. ನಾನು ಹಾಕಿದ್ದು ಇವೆರಡೂ ಅಲ್ಲ, ಟಿವಿಗೆ ಬಳಸುವ ಆರ್‌ಜಿ-6. ರೇಡಿಯೋ ಸಂಕೇತಕ್ಕೆ ಅದು ಒಡ್ಡುವ ಅಡ್ಡಿ 75 ಓಮ್, ಆಂಟೆನಾದ್ದು 50 ಓಮ್, ಹೊಂದುವುದಿಲ್ಲ ಎಂದು ಗದರಿಸುವವರಿದ್ದಾರೆ. ಈ ಹೊಂದದಿರುವಿಕೆಯಿಂದ ಆಗುವ ನಷ್ಟ 0.2 ಡೆಸಿಬಲ್‌ಗಿಂತ ಕಡಿಮೆ. ಕೇಳುವುದಕ್ಕಷ್ಟೇ ಆದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಕಂಬಕ್ಕೇರಿಸುವ ಮೊದಲು ಬ್ಲೇಡನ್ನೂ ಡಿಸ್ಕೋನನ್ನೂ ಹೋಲಿಸಿ ನೋಡುವ ಹುಚ್ಚು ಹತ್ತಿತು. ಹೋಲಿಸಬೇಕಾದರೆ ಎಡೆಬಿಡದೆ ಬರುವ ಸಂಕೇತವೊಂದು ಬೇಕು. ವಿಮಾನಗಳನ್ನು ಇಳಿಜಾರಿನಲ್ಲಿ ರನ್‌ವೇಗೆ ಇಳಿಸುವ ಗ್ಲೈಡ್ ಸ್ಲೋಪ್ ಸಾಧನ 328.6ರಿಂದ 335.4 ಮೆಗಾಹರ್ಟ್ಸ್ ನಡುವೆ, ನನ್ನ ಪಟ್ಟಿಯ ಮಧ್ಯದಲ್ಲೇ, ಹಗಲೂ ರಾತ್ರಿ ಗುಂಯ್ ಎನ್ನುತ್ತಿರುತ್ತದೆ. ಅದನ್ನು ಹಿಡಿದು ಅಳೆದೆ. ತಲೆ ಕೆಡುವಂಥ ಫಲಿತಾಂಶ ಬಂತು: ನೆಟ್ಟಗೆ ನಿಂತ ಡಿಸ್ಕೋನಿಗಿಂತ ನೆಲದಲ್ಲಿ ಅಡ್ಡ ಬಿದ್ದಿದ್ದ ಬ್ಲೇಡೇ ಜೋರಾಗಿ ಕೇಳುತ್ತಿತ್ತು. ಮೂರು ದಿನ ಡಿಸ್ಕೋನನ್ನು ಬಿಚ್ಚಿ ಕಟ್ಟಿ ಮಾಡಿದೆ. ಕೊನೆಗೆ ತಿಳಿದದ್ದು, ಆ ಸಾಧನದ ಧ್ರುವೀಕರಣ ಅಡ್ಡದ್ದು. ವಿಮಾನಗಳ ಮಾತು ಬರುವುದು ಲಂಬದಲ್ಲಿ. ಅಡ್ಡ ಸಂಕೇತವನ್ನು ಕಡೆಗಣಿಸಿದ ಡಿಸ್ಕೋನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು, ಅಳತೆಗೋಲು ಹಿಡಿದವನು ತಪ್ಪಿದ್ದ.

ಕಂಬದ ತುದಿ ನೆಲದಿಂದ 12 ಮೀಟರ್. ಎರಡು ಮೀಟರಿನ ಕಿಟಕಿಯಿಂದ ಇಷ್ಟು ಎತ್ತರಕ್ಕೆ ಹೋದರೆ ರೇಡಿಯೋ ದಿಗಂತ, ಅಂದರೆ ಸಂಕೇತ ನೇರವಾಗಿ ತಲುಪಬಲ್ಲ ದೂರ, ಹಿಗ್ಗುವುದು ಲೆಕ್ಕದ ಪ್ರಕಾರ 8 ಅಥವಾ 9 ಕಿಲೋಮೀಟರ್ ಮಾತ್ರ. 10 ಕಿಲೋಮೀಟರ್ ಎತ್ತರದ ವಿಮಾನ ಹೇಗೂ 400 ಕಿಲೋಮೀಟರ್ ಆಚೆಯಿಂದ ಕಾಣುತ್ತದೆ, ಅದಕ್ಕೆ ಈ ಎಂಟು ಯಾವ ಲೆಕ್ಕ! ಆದರೆ ಸೂತ್ರದಲ್ಲಿ ಮರವಿರುವುದಿಲ್ಲ, ನೀರಿನ ಟ್ಯಾಂಕಿರುವುದಿಲ್ಲ, ಪಕ್ಕದ ಮನೆಯ ಗೋಡೆಯೂ ಇರುವುದಿಲ್ಲ. ಅವನ್ನೆಲ್ಲ ದಾಟಿ ಮೇಲೆದ್ದದ್ದರಿಂದ ಆದ ಲಾಭ ಮೊದಲ ಸಂಜೆಯೇ ಗೊತ್ತಾಯಿತು: ಪೈಲಟ್ ಮಾತು ಮುಗಿಸಿದ ಮೇಲೆ ಇದ್ದ ಮೌನದಲ್ಲಿ, ಗೊಗ್ಗರಾದ, ತೆಳ್ಳನೆಯ, ಆದರೆ ಅಕ್ಷರ ಅಕ್ಷರವೂ ತಿಳಿಯುವ ನೆಲದ ದನಿಯೊಂದು ಉತ್ತರಿಸಿತು. ಗೂಢಲಿಪಿಯಲ್ಲಿ ನಡೆಯುವ ಮಾತು, ಆವೃತ್ತಿಯಿಂದ ಆವೃತ್ತಿಗೆ ಜಿಗಿಯುವ ಮಾತು ಮೊದಲಿನಂತೆಯೇ ಬರೀ ಸದ್ದು. ಯಾವ ಆಂಟೆನಾವೂ ಅದನ್ನು ಬಿಡಿಸಿಕೊಡುವುದಿಲ್ಲ.

ಎತ್ತರಕ್ಕೆ ಹೋದದ್ದರ ದಂಡವನ್ನೂ ತೆರಬೇಕಾಯಿತು. 294 ಮೆಗಾಹರ್ಟ್ಸಿನಲ್ಲಿ ಯಾರೋ ನೀರಿನೊಳಗೆ ಕೂತು ಹಾಡಿದಂತೆ ಸಂಗೀತ ಕೇಳತೊಡಗಿತು. 98ನ್ನು ಮೂರರಿಂದ ಗುಣಿಸಿದರೆ 294. ಹತ್ತಿರದ ಎಫ್‌ಎಂ ಕೇಂದ್ರದ ಪ್ರಬಲ ಸಂಕೇತ ಸ್ಕ್ಯಾನರಿನ ಮುಂಭಾಗವನ್ನು ಉಸಿರುಗಟ್ಟಿಸಿ, ಅಲ್ಲೇ ತನ್ನ ಮೂರುಪಟ್ಟನ್ನು ಹುಟ್ಟಿಸಿಕೊಂಡಿತ್ತು. 88ರಿಂದ 108ರ ಪಟ್ಟಿಯ ಮೂರರಷ್ಟು 264ರಿಂದ 324, ನನಗೆ ಬೇಕಾದ ಜಾಗದ ನಡುಮನೆ. ಆಂಟೆನಾಕ್ಕೂ ಸ್ಕ್ಯಾನರಿಗೂ ನಡುವೆ ಎಫ್‌ಎಂ ತಡೆಯುವ ಚಿಕ್ಕ ಫಿಲ್ಟರ್ ಹಾಕಿದೆ, ಹಾಡು ನಿಂತಿತು. ಆಂಪ್ಲಿಫೈಯರ್ ಹಾಕು ಎಂಬ ಸಲಹೆಯೂ ಬಂದಿತ್ತು. ಹಾಕಿದ್ದರೆ ಗಾಯಕರ ಸಂಖ್ಯೆ ಹೆಚ್ಚುತ್ತಿತ್ತು, ಅಷ್ಟೇ.

ಆಮೇಲೆ ನ್ಯಾನೋವಿಎನ್‌ಎ ಎಂಬ ಅಗ್ಗದ ಅಳತೆಯ ಉಪಕರಣವನ್ನು ಎರವಲು ತಂದು ಕೇಬಲಿನ ತುದಿಗೆ ಜೋಡಿಸಿದೆ. 300ರ ಸುತ್ತ ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದುತ್ತದೆಂಬ ಅಳತೆ; 1 ಎಂದರೆ ಪೂರ್ತಿ ಹೊಂದಿಕೆ) 1.4, 400ರ ಬಳಿ 1.6, 225ರ ತುದಿಯಲ್ಲಿ ಮಾತ್ರ 2ರ ಮೇಲೆ. ಉದ್ದ ಕೇಬಲ್ ಈ ಅಂಕಿಯನ್ನು ಇದ್ದದ್ದಕ್ಕಿಂತ ಚೆನ್ನಾಗಿ ತೋರಿಸುತ್ತದೆ ಎಂಬುದು ಗೊತ್ತಿದೆ, ಹೀಗಾಗಿ ಕಂಬದ ತುದಿಯಲ್ಲಿ ಅದು 3ಕ್ಕೆ ಹತ್ತಿರವೇ ಇದ್ದೀತು. ಇನ್ಸುಲೇಟರಿನ ಬಳಿ ಇನ್ನೂ ಸ್ವಲ್ಪ ಕಿಲುಬು ಉಳಿದಿರಬಹುದು, ಅಥವಾ ಆ ಹೆಬ್ಬೆರಳಿನ ತಗ್ಗೇ ಕಾರಣವಿರಬಹುದು. 3 ಎಂದೇ ಇಟ್ಟುಕೊಂಡರೂ ನಷ್ಟ ಒಂದೂಕಾಲು ಡೆಸಿಬಲ್. ಏಣಿಯನ್ನು ಗೋಡೆಗೆ ಒರಗಿಸಿ ಒಂದು ಕ್ಷಣ ಯೋಚಿಸಿದೆ, ಮತ್ತೆ ಅದನ್ನು ಒಳಗೆ ತಂದಿಟ್ಟೆ.